ಕರಾಮಕ್ಕೆ ಒಬ್ಬಳೇ ಬಂದ ರಾಣಿ

ದಸರಾ ಹತ್ತಿರ ಬಂತೆಂದರೆ ನನಗೆ ಮೊದಲು ನೆನಪಾಗುವುದು ಮೈಸೂರಲ್ಲ, ದುಬೈನ ಕರಾಮದಲ್ಲಿ ನಾವಿದ್ದ ಎರಡನೆಯ ಮಹಡಿಯ ಫ್ಲಾಟು. ಹುಟ್ಟಿದ ಊರಿಗೆ ಇದು ದ್ರೋಹ ಎಂದು ನನ್ನ ತಮ್ಮ ಛೇಡಿಸುತ್ತಾನೆ. ಛೇಡಿಸಲಿ. ಮೈಸೂರಿನಲ್ಲಿ ನಾನು ಕಂಡವರ ಮನೆಗೆ ನುಗ್ಗಿ "ಗೊಂಬೆ ಕೂರಿಸಿದೀರಾ?" ಎಂದು ಕೇಳಿ, ಅವರು ಕೊಟ್ಟ ಚರುಪು ತಿಂದು ಬಾಯಿ ಒರೆಸಿಕೊಂಡು ಬಂದವಳು, ಅಷ್ಟೇ. ಗೊಂಬೆ ಕೂರಿಸುವುದು ಅಂದರೆ ಏನೆಂದು ಅರ್ಥವಾದದ್ದು ಕರಾಮದಲ್ಲಿ, ಕೆಳಗಿನ ಕೆಫೆಟೇರಿಯಾದಿಂದ ಪರೋಟದ ವಾಸನೆ ತೇಲಿ ಬರುತ್ತಿದ್ದ ಆ ಹಾಲಿನಲ್ಲಿ.

ಇದು ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ನನ್ನ ಗಂಡನ ಕೆಲಸ ಅಬುಧಾಬಿಯ ಪಶ್ಚಿಮದ ತುದಿಯ ಮದೀನತ್ ಜಾಯೆದ್‌ನಲ್ಲಿ. ಗುರುವಾರ ಸಂಜೆ ಬರುವುದು, ಶನಿವಾರ ಸಂಜೆ ಹೊರಡುವುದು. ಮಿಕ್ಕ ದಿನಗಳಲ್ಲಿ ಆ ಮನೆಗೆ ನಾನೇ ಸರ್ಕಾರ. ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದ್ದೆ, ಅದು ಎರಡು ಬೀದಿ ಆಚೆಯ ದಂತ ವೈದ್ಯರ ಕ್ಲಿನಿಕ್ಕಿನಲ್ಲಿ, ಕೆನ್ನೆ ಹಿಡಿದುಕೊಂಡು ಬಂದವರನ್ನು ಸಾಲಾಗಿ ಕೂರಿಸುವುದಕ್ಕೆ ಉಪಯೋಗವಾಯಿತು. ಮಗಳಿಗೆ ಹತ್ತು ವರ್ಷ. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ.

ಆ ವರ್ಷ ದಸರೆಗೆ ಎರಡು ವಾರ ಮುಂಚೆ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ಮಾವ ತೀರಿಕೊಂಡು ಒಂದು ವರ್ಷ ಕಳೆದಿತ್ತು. ಏರ್‌ಪೋರ್ಟಿನಿಂದ ಬಂದವರೇ ಕಾಲು ತೊಳೆದು, ಸೂಟ್‌ಕೇಸ್ ಬಿಚ್ಚಿ, ಕೋಡುಬಳೆ ಡಬ್ಬದ ಪಕ್ಕದಿಂದ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಗಂಟನ್ನು ತೆಗೆದು ನನ್ನ ಮಡಿಲಿಗೆ ಹಾಕಿದರು. ಬಿಚ್ಚಿದೆ. ಪಟ್ಟದ ಗೊಂಬೆ. ಕೆಂಪು ಮರದಲ್ಲಿ ಕಡೆದ, ಮೊಳಕ್ಕಿಂತ ಚಿಕ್ಕದಾದ, ಮೂಗಿನ ತುದಿ ಸವೆದ ರಾಣಿ.

ನಮ್ಮ ಕಡೆ ಹೆಣ್ಣಿಗೆ ಮದುವೆಯಲ್ಲಿ ತವರಿನವರು ರಾಜ ರಾಣಿ ಗೊಂಬೆಗಳ ಜೋಡಿಯನ್ನು ಕೊಡುತ್ತಾರೆ. ನನ್ನ ತವರಿನಲ್ಲಿ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ, ನನಗೆ ಜೋಡಿ ಬಂದಿರಲಿಲ್ಲ. ನವರಾತ್ರಿಯ ಪಾಡ್ಯದ ದಿನ ಆ ಜೋಡಿ ಮೇಲಿನ ಮೆಟ್ಟಿಲಲ್ಲಿ ಕೂತರೆ ಮಾತ್ರ ಮಿಕ್ಕ ಗೊಂಬೆಗಳಿಗೆ ಅರ್ಥ. ಅತ್ತೆ ಮದುವೆಯಾದಾಗಿನಿಂದ ಮಾವ ಇರುವ ತನಕ ಒಂದು ವರ್ಷವೂ ತಪ್ಪಿಸದೆ ತಮ್ಮ ಜೋಡಿಯನ್ನು ಕೂರಿಸಿದ್ದರು. ಪ್ರತಿ ವರ್ಷ ರವಿಕೆಯ ಅಂಚು ಕತ್ತರಿಸಿ ಹೊಸ ಉಡುಪು ಹೊಲಿಯುತ್ತಿದ್ದರು. ಸಂಜೆಯಾದರೆ ಬೀದಿಯ ಮಕ್ಕಳನ್ನೆಲ್ಲ ಗೊಂಬೆಗಳ ಮುಂದೆ ಗುಡ್ಡೆ ಹಾಕಿಕೊಂಡು ದಿನಕ್ಕೊಂದು ಕಥೆ. ಅವರ ಕಥೆಗೋಸ್ಕರ ಪಕ್ಕದ ಬಡಾವಣೆಯಿಂದ ಸೈಕಲ್ ತುಳಿದು ಬರುತ್ತಿದ್ದ ಮಕ್ಕಳಿದ್ದರು ಎಂದು ನನ್ನ ಗಂಡ ಈಗಲೂ ಹೆಮ್ಮೆಪಡುತ್ತಾನೆ.

"ರಾಜ ಎಲ್ಲಿ ಅತ್ತೆ?" ಎಂದೆ.

"ಭಾವ ಬೇಡ ಅಂದ್ರು ಕಣೇ. ರಾಜ ಮನೆ ಬಿಟ್ಟು ಸಮುದ್ರ ದಾಟಬಾರದಂತೆ. ರಾಣಿ ಹೋದ್ರೆ ಪರವಾಗಿಲ್ಲ ಅಂದ್ರು."

ನನ್ನ ಮೈ ಉರಿದು ಹೋಯಿತು. ಭಾವ ಎಂದರೆ ಮಾವನ ಅಣ್ಣ, ಮೈಸೂರಿನ ಆ ಕೂಡು ಮನೆಯ ಹಿರಿಯರು. ಕೆಟ್ಟವರೆನ್ನಲಾರೆ, ಮನೆಮಂದಿಯ ಮದುವೆ ಮುಂಜಿಗಳನ್ನೆಲ್ಲ ತಲೆಯ ಮೇಲೆ ಹೊತ್ತು ಮಾಡಿದವರು. ಆದರೆ ಆ ಮನೆಯಲ್ಲಿ ಅಡುಗೆಗೆ ಹುಳಿಯೋ ಗೊಜ್ಜೋ ಎಂಬುದಕ್ಕೂ ಅವರ ಅಪ್ಪಣೆ ಬೇಕು. ಅವರ ಫೋನು ಬಂದರೆ ಅತ್ತೆ, ಕೂತಿದ್ದವರು ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದರು. ಕರಾಮಕ್ಕೆ ಬಂದ ಮರುದಿನವೂ ನಿಂತರು. ನಡುವೆ ಒಂದು ಇಡೀ ಸಮುದ್ರ ಇದೆಯಲ್ಲ ಅತ್ತೆ, ಕೂತ್ಕೊಳ್ಳಿ ಎಂದರೆ, "ಅಭ್ಯಾಸ ಕಣೇ" ಎಂದು ನಕ್ಕರು. ಮಾತು ಮುಗಿಯುವ ತನಕ ನಿಂತೇ ಇದ್ದರು.

ಭಾವನವರ ಇನ್ನೊಂದು ಅಪ್ಪಣೆ ನನಗೆ ಆಮೇಲೆ ಗೊತ್ತಾಯಿತು. ಗಂಡ ಹೋದ ಹೆಂಗಸು ಪಟ್ಟದ ಗೊಂಬೆ ಮುಟ್ಟಿ ಕೂರಿಸಬಾರದು, ಅದು ಮುತ್ತೈದೆಯರ ಕೆಲಸ. ಹಿಂದಿನ ದಸರೆಯಲ್ಲಿ ಅವರ ಗೊಂಬೆಗಳು ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. "ಇನ್ನು ಇದು ನಿಂದು. ನೀನೇ ಕೂರಿಸ್ಕೋ," ಎಂದರು ಅತ್ತೆ, ಯಾರೋ ಪಕ್ಕದ ಮನೆಯವರ ಪಾತ್ರೆ ವಾಪಸು ಕೊಟ್ಟಂತೆ.

"ನಾನು ಕೂರಿಸಲ್ಲ. ಗೊಂಬೆ ನಿಮ್ಮದು, ನೀವು ಕೂರಿಸಿದ್ರೆ ಉಂಟು, ಇಲ್ದೆ ಇದ್ರೆ ಇಲ್ಲ."

"ಹಟ ಮಾಡಬೇಡ ಕಣೇ."

"ಹಟ ನನ್ನದಲ್ಲ, ಮೈಸೂರಿಂದು," ಎಂದು ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಸಿಟ್ಟಿಗೆ ಕಾರಣವಿತ್ತು. ಬಂದ ದಿನದಿಂದ ಅತ್ತೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೆಳಗಿನ ಪಾರ್ಕಿಂಗ್ ನೋಡುತ್ತ ಕೂರುತ್ತಿದ್ದರು. ಮೊಮ್ಮಗಳು ಕಥೆ ಹೇಳು ಅಂದರೆ "ಮರೆತುಹೋಗಿದೆ ಪುಟ್ಟಾ" ಎನ್ನುತ್ತಿದ್ದರು. ಇಡೀ ಬೀದಿಯನ್ನು ಬಾಯಿ ಬಿಟ್ಟುಕೊಂಡು ಕೂರುವ ಹಾಗೆ ಮಾಡಿದ್ದ ಹೆಂಗಸು! ಆ ರಾಣಿಯನ್ನು ಅವರು ಮತ್ತೆ ಕೈಯಾರೆ ಕೂರಿಸದೆ ಹೋದರೆ ನಮ್ಮ ಅತ್ತೆ ನಮಗೆ ಹಿಂದಕ್ಕೆ ಸಿಗುವುದಿಲ್ಲ ಎಂದು ನನಗೆ ಒಳಗೊಳಗೇ ಭಯವಾಗಿತ್ತು. ಆ ದಸರೆಯಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ.

ಪಾಡ್ಯದ ಹಿಂದಿನ ದಿನ ಮೆಟ್ಟಿಲು ಜೋಡಿಸಿದೆ. ಅಲ್ ಕೂಜ್‌ನ ವರ್ಕ್‌ಶಾಪೊಂದರಲ್ಲಿ ಗಂಡ ಮಾಡಿಸಿ ತಂದಿದ್ದ ಏಳು ಮೆಟ್ಟಿಲಿನ ಕಬ್ಬಿಣದ ಸ್ಟ್ಯಾಂಡು, ಮಡಚಿದರೆ ಮಂಚದ ಕೆಳಗೆ ಹೋಗುತ್ತಿತ್ತು. ಮೇಲೆ ಬಿಳಿ ಪಂಚೆ. ನನ್ನ ಹತ್ತಿರ ಇದ್ದದ್ದೇ ಕಲಬೆರಕೆ ಸೈನ್ಯ: ಕಿವಿ ಮುರಿದ ಆನೆ, ಚನ್ನಪಟ್ಟಣದ ವಾದ್ಯದವರು, ಬಟ್ಟೆ ಒಂಟೆಗಳು, ದುಬೈ ಕ್ರೀಕಿನ ಹಿನ್ನೀರಿನ ದೋಣಿಯ ಮಾದರಿ, ಮಗಳು ಟೂತ್‌ಪೇಸ್ಟ್ ಡಬ್ಬಿಗಳಲ್ಲಿ ಮಾಡಿದ ಮೆಟ್ರೋ ರೈಲು. ಅತ್ತೆ ಸೋಫಾದ ಮೇಲೆ ಕೂತು ಕೈ ಕಟ್ಟಿಕೊಂಡಿದ್ದರು. ಕೈ ಕಟ್ಟಿದ್ದರೇ ಹೊರತು ಬಾಯಿ ಕಟ್ಟಿಕೊಳ್ಳಲು ಆಗಲಿಲ್ಲ.

"ಆನೆ ಮುಖ ಗೋಡೆ ಕಡೆ ಮಾಡ್ತಾರೇನೇ? ಈ ಕಡೆ ತಿರುಗಿಸು. ಚೆಟ್ಟಿ ಅಂಗಡಿ ಕೆಳಗಿನ ಮೆಟ್ಟಿಲಿಗೆ ಬರಬೇಕು. ಅಯ್ಯೋ, ಅಕ್ಕಿ ಇಲ್ಲದೆ ಏನು ವ್ಯಾಪಾರ ಮಾಡ್ತಾನೆ ಅವನು?"

ದಿನಸಿ ಅಂಗಡಿ ಇಟ್ಟುಕೊಂಡ ಚೆಟ್ಟಿ ದಂಪತಿಯ ಗೊಂಬೆಯ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ನಮ್ಮ ಊರಿನಲ್ಲಿ ಇಲ್ಲದ ಐಟಮ್ಮಾಗಿ ಖರ್ಜೂರ ಇಟ್ಟೆ. ಮಗಳು ಓಡಿಹೋಗಿ ತನ್ನ ಪೆಟ್ಟಿಗೆಯಿಂದ ಒಂದು ಹಿತ್ತಾಳೆಯ ಬಿಲ್ಲೆ ತಂದು ಚೆಟ್ಟಿಯ ಮುಂದೆ ಒರಗಿಸಿದಳು. ಎದುರು ಫ್ಲಾಟಿನ ಜೋರ್ಡಾನಿನ ಟೀಚರಮ್ಮ ರಜೆಗೆ ಊರಿಗೆ ಹೋಗಿದ್ದಾಗ ತಂದುಕೊಟ್ಟದ್ದು; ಹಳೆಯ ಕಾಲದ ನಾಣ್ಯವೊಂದರ ನಕಲು, ಪ್ರವಾಸಿಗಳಿಗೆ ಮಾರುತ್ತಾರೆ. ಅತ್ತೆ ಎದ್ದು ಬಂದು ಅದನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. ಮುಂದೆ ಒಂದು ಎಳೆಯ ಮುಖ, ಅದಕ್ಕೆ ಅಂಟಿಕೊಂಡಂತೆ ಹಿಂದೆ ಒಂದು ಹೆಂಗಸಿನ ಮುಖ.

"ಯಾರೇ ಇವರು? ಗಂಡ ಹೆಂಡ್ತೀನಾ?"

"ಅಲ್ಲ ಅತ್ತೆ. ತಾಯಿ, ಮಗ."

ಟೀಚರಮ್ಮ ಕೊಟ್ಟ ದಿನವೇ ನಾನು ಹಳೆಯ ಚಾಳಿಯಂತೆ ಅದರ ಬಗ್ಗೆ ಓದಿಕೊಂಡಿದ್ದೆ. ಹೇಳಿದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಈಗಿನ ಜೋರ್ಡಾನಿನ ಮರಳುಗಾಡಿನಲ್ಲಿ ಒಂದು ರಾಜ್ಯವಿತ್ತು. ಕೆಂಪು ಬಂಡೆಯೊಳಗೆ ಊರನ್ನೇ ಕೊರೆದಿದ್ದರು. ಧೂಪದ ವ್ಯಾಪಾರದಲ್ಲಿ ಮೆರೆದವರು. ರಾಜ ಇದ್ದ, ಆದರೆ ರೋಮಿನ ಕೈಕೆಳಗಿನ ರಾಜ. ಅಲ್ಲಿನ ಚಕ್ರವರ್ತಿ ಒಪ್ಪಿದರೆ ಪಟ್ಟ, ಕೇಳಿದಾಗ ಸೈನ್ಯ ಕಳಿಸಬೇಕು. ಆ ರಾಜ ತೀರಿಕೊಂಡ. ಮಗ ಇನ್ನೂ ಚಿಕ್ಕವನು. ಮಗ ದೊಡ್ಡವನಾಗುವ ತನಕ ರಾಣಿಯೇ ರಾಜ್ಯ ನೋಡಿಕೊಂಡಳು. ನಾಣ್ಯದ ಮೇಲೆ ಮಗನ ಜೊತೆ ಅವಳ ಮುಖವನ್ನೂ ಒತ್ತಿದರು, ಹೆಸರನ್ನೂ ಹಾಕಿದರು.

"ರೋಮ್ ಅಂದ್ರೆ ಅವಳ ಸ್ಪಾನ್ಸರ್!" ಎಂದಳು ಮಗಳು. ಆ ದೇಶದಲ್ಲಿ ಬೆಳೆದ ಮಗುವಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ಅರ್ಥವಾಗಬೇಕು? ಅಲ್ಲಿ ಪ್ರತಿ ವೀಸಾಕ್ಕೂ ಹೊಣೆ ಹೊರುವ ಒಬ್ಬ ಸ್ಪಾನ್ಸರ್ ಬೇಕು: ಅಜ್ಜಿಗೆ ಅವರ ಮಗ ಸ್ಪಾನ್ಸರ್, ಮಗನಿಗೆ ಕಂಪನಿ ಸ್ಪಾನ್ಸರ್. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ನಗಲಿಲ್ಲ.

"ಗಂಡ ಹೋದ ಮೇಲೆ ಕೂತ್ಲಾ?"

"ಗಂಡ ಹೋದ ಮೇಲೇನೇ."

"ಊರಿನ ಹೆಂಗಸರು ಏನೂ ಅನ್ನಲಿಲ್ವಾ?"

ಅದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಗೊತ್ತಿಲ್ಲ ಎಂದೆ. "ಅನ್ನದೆ ಬಿಡ್ತಾರಾ?" ಎಂದು ತಾವೇ ಉತ್ತರ ಹೇಳಿಕೊಂಡು ಬಿಲ್ಲೆಯನ್ನು ಚೆಟ್ಟಿಯ ಮುಂದೆ ಇಡಲು ಹೋದರು. ಇಡಲಿಲ್ಲ. ಸೆರಗಿನ ತುದಿಗೆ ಕಟ್ಟಿಕೊಂಡರು.

ಮರುದಿನ ಗುರುವಾರ, ಪಾಡ್ಯ. ಬೆಳಿಗ್ಗೆ ನಾನು ಕಡಲೆಕಾಳು ಬೇಯಲು ಇಡುವಷ್ಟರಲ್ಲಿ ಅತ್ತೆ ಮನೆಯಲ್ಲಿ ಕಾಣಲಿಲ್ಲ. ಬಾಗಿಲು ತೆರೆದಿತ್ತು. ಎದುರು ಫ್ಲಾಟಿನಲ್ಲಿ, ಸ್ಕೂಲಿಗೆ ರೆಡಿಯಾಗಿದ್ದ ನನ್ನ ಮಗಳನ್ನು ದುಭಾಷಿಯಾಗಿ ಪಕ್ಕದಲ್ಲಿ ನಿಲ್ಲಿಸಿಕೊಂಡು, ಟೀಚರಮ್ಮನ ಸೋಫಾದ ಮೇಲೆ ಕೂತು ಪುದೀನ ಚಹಾ ಕುಡಿಯುತ್ತಿದ್ದರು. ಇವರು ಮೈಸೂರು ಕನ್ನಡದಲ್ಲಿ ಕೇಳುವುದು, ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸುವುದು, ಟೀಚರಮ್ಮ ಎರಡೂ ಕೈ ಆಡಿಸುತ್ತ ಉತ್ತರಿಸುವುದು. ನನ್ನನ್ನು ನೋಡಿದ ಟೀಚರಮ್ಮ, "ನಿಮ್ಮ ಅತ್ತೆಗೆ ನಮ್ಮ ರಾಣಿಯ ಮೇಲೆ ನಮಗಿಂತ ಹೆಚ್ಚು ಕಾಳಜಿ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು.

ಸ್ಕೂಲ್ ಬಸ್ಸಿಗೆ ಓಡುವ ಅವಸರದಲ್ಲಿ ಮಗಳು ಮೆಟ್ಟಿಲ ಮೇಲೆ ನನಗೆ ವರದಿ ಒಪ್ಪಿಸಿದಳು. ಅಜ್ಜಿ ಕೇಳಿದ್ದು ಒಂದೇ ಅಂತೆ: ಆ ಊರಿನಲ್ಲಿ ಹೆಂಗಸರಿಗೆ ತಮ್ಮದು ಅಂತ ಏನಾದರೂ ಇತ್ತಾ? ಇತ್ತಂತೆ. ಆ ರಾಜ್ಯದ ಬಂಡೆಗಳಲ್ಲಿ ಕೊರೆದ ಗೋರಿಗಳಲ್ಲಿ ಕೆಲವು ಹೆಂಗಸರ ಹೆಸರಿನಲ್ಲೇ ಇವೆಯಂತೆ. ಇದು ಇಂಥವಳದು, ಇವಳ ಹೆಣ್ಣುಮಕ್ಕಳದು, ಬೇರೆ ಯಾರೂ ಕೈ ಹಾಕಕೂಡದು ಅಂತ ಬಾಗಿಲ ಮೇಲೆಯೇ ಕೆತ್ತಿದ್ದಾರಂತೆ.

ಅತ್ತೆ ಒಳಗೆ ಬಂದು ಕಡಲೆಕಾಳಿಗೆ ತೆಂಗಿನಕಾಯಿ ತುರಿಯಲು ಕೂತರು. ಅರ್ಧ ಹೋಳು ಮುಗಿದ ಮೇಲೆ, ನಾನು ಏನೂ ಕೇಳದೆ ಇದ್ದರೂ, "ಅದು ನಮ್ಮಪ್ಪ ಕೊಟ್ಟ ಜೋಡಿ ಕಣೇ," ಎಂದರು. "ಮದುವೆ ಖರ್ಚಿನಲ್ಲಿ ಸೋತುಹೋಗಿದ್ರು. ಆದ್ರೂ ಶ್ರೀರಂಗಪಟ್ಟಣದ ಹತ್ರ ಯಾರೋ ಕೆತ್ತೋರು ಇದ್ದಾರೆ ಅಂತ ತಾವೇ ಹೋಗಿ ಮಾಡಿಸ್ಕೊಂಡು ಬಂದ್ರು. ನನ್ನ ಕೈಗೇ ಕೊಟ್ರು. ಗಂಡನ ಮನೆಯೋರ ಕೈಗಲ್ಲ."

ಮನಸ್ಸು ಕರಗಿದ್ದನ್ನು ತೋರಿಸಿಕೊಳ್ಳುವ ಸ್ವಭಾವ ನನ್ನದಲ್ಲ. "ಕಾಯಿ ಜಾಸ್ತಿ ಆಯ್ತು, ಸಾಕು ಬಿಡಿ," ಎಂದು ಗದರಿ, ಕ್ಲಿನಿಕ್ಕಿಗೆ ಹೊರಟುಬಿಟ್ಟೆ.

ಸಂಜೆ ಗಂಡ ಮದೀನತ್ ಜಾಯೆದ್‌ನಿಂದ ಬೂಟಿನ ತುಂಬ ಮರಳು ತುಂಬಿಕೊಂಡು ಬಂದ. ಕಟ್ಟಡದ ಮಕ್ಕಳೆಲ್ಲ ಬಂದರು. ನಮ್ಮ ಮೈಸೂರು, ಬೆಂಗಳೂರಿನವರು, ಮನೆಯಲ್ಲಿ ತುಳು ಮಾತಾಡುವ ಮಂಗಳೂರಿನ ಅಣ್ಣತಂಗಿ, ಮೇಲಿನ ಮಹಡಿಯ ಭಟ್ಕಳದ ವ್ಯಾಪಾರಸ್ಥರ ಮನೆಯ ಅವಳಿ ಹುಡುಗಿಯರು. ನಮ್ಮ ಮನೆಯ ಗೊಂಬೆ ನೋಡಲು ಬರುವವರಿಗೆ ಒಂದು ಕಷ್ಟವಿತ್ತು: ಎ.ಸಿ. ಹಾಕಿದರೆ ದೀಪ ಆರುತ್ತದೆ, ದೀಪ ಉರಿದರೆ ಎ.ಸಿ. ಇಲ್ಲ. ಎರಡು ವರ್ಷ ಹಿಂದೆ ಕರ್ಪೂರದ ಆರತಿ ಎತ್ತಿದ್ದಕ್ಕೆ ಚಾವಣಿಯ ಫೈರ್ ಅಲಾರ್ಮ್ ಬಡಿದುಕೊಂಡು, ಇಡೀ ಕಟ್ಟಡವೇ ಬೀದಿಗೆ ಇಳಿದು, ವಾಚ್‌ಮನ್ ಮಂಗಳಾರತಿ ಮಾಡಿದ್ದ. ಹಾಗಾಗಿ ಆ ಸಲ ಬರೀ ಎಣ್ಣೆಯ ದೀಪ. ಮಕ್ಕಳು ಪುಸ್ತಕಗಳಿಂದ ಗಾಳಿ ಬೀಸಿಕೊಳ್ಳುತ್ತ, ಬೆವರುತ್ತ ಕೂತವು. ಮೇಲಿನ ಮೆಟ್ಟಿಲು ಖಾಲಿ.

"ಆಂಟಿ, ಟಾಪ್‌ನಲ್ಲಿ ಯಾಕೆ ಏನೂ ಇಲ್ಲ?" ಎಂದು ಅವಳಿಗಳಲ್ಲಿ ಒಬ್ಬಳು ಕೇಳಿದಳು.

ಅತ್ತೆಯ ಕಡೆ ನೋಡಿದೆ. ಗೊಂಬೆಗಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಸರಿ, ಕಥೆಯನ್ನಾದರೂ ಹೇಳೋಣವೆಂದು ನಾನೇ ಆ ರಾಣಿಯ ಕಥೆ ಶುರು ಮಾಡಿದೆ. ಸಾಮಂತ ರಾಜ್ಯ ಅಂದರೇನು, ರೋಮ್ ಸಾಮ್ರಾಜ್ಯ ಎಲ್ಲಿಯ ತನಕ ಹಬ್ಬಿತ್ತು ಎಂದು ವಿವರಿಸುವಷ್ಟರಲ್ಲಿ ಮಂಗಳೂರಿನ ಹುಡುಗ ಆಕಳಿಸಿದ. ನನ್ನ ಗಂಡ ಅವನಿಗಿಂತ ಮೊದಲೇ ಆಕಳಿಸಿದ್ದ.

"ಥೂ, ಹಾಗಲ್ಲ ಕಣೇ ಕಥೆ ಹೇಳೋದು," ಎಂಬ ಮಾತು ಕುರ್ಚಿಯ ಕಡೆಯಿಂದ ಬಂತು.

ಆಮೇಲೆ ಅತ್ತೆ ಬಾಯಿ ಬಿಟ್ಟರು. ಅದೇ ದನಿ, ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದ, ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದ ದನಿ. ಗುಲಾಬಿ ಬಣ್ಣದ ಬೆಟ್ಟದೊಳಗೆ ಒಂದು ಅರಮನೆ. ಅಲ್ಲೊಬ್ಬಳು ರಾಣಿ. ಒಂದು ದಿನ ರಾಜ ಕಣ್ಣು ಮುಚ್ಚಿದ. ನೆಂಟರಿಷ್ಟರೆಲ್ಲ ಬಂದು, ಅಳೋದೂ ಮುಗೀತು, ಉಣ್ಣೋದೂ ಮುಗೀತು, ಇನ್ನು ನೀನು ಒಳಗಿನ ಕೋಣೇಲಿ ಇರಮ್ಮ ಅಂದರು. ರಾಣಿ ಒಳಗೆ ಹೋದಳು. ಒಂದು ವರ್ಷ ಕಿಟಕಿಯಿಂದ ಒಂಟೆಗಳನ್ನು ನೋಡಿಕೊಂಡು ಕೂತಳು. ನನ್ನ ಎಂ.ಎ. ನಾಲಿಗೆಯ ತುದಿಗೆ ಬಂದಿತ್ತು, ಕಚ್ಚಿ ಹಿಡಿದೆ. ಆ ಕಿಟಕಿ ಯಾವುದೆಂದು ನನಗೆ ಗೊತ್ತಿತ್ತು. ಗಂಡನಿಗೂ ಗೊತ್ತಾಗಿರಬೇಕು, ಬಾಗಿಲ ಹತ್ತಿರ ಬೂಟಿನ ಮರಳು ಕೊಡವುತ್ತಿದ್ದವನು ಕೈ ನಿಲ್ಲಿಸಿದ್ದ.

"ಹೊರಗೆ ಸಿಂಹಾಸನ ಖಾಲಿ. ಮಗ ಚಿಕ್ಕೋನು, ಕಾಲು ನೆಲಕ್ಕೆ ಎಟುಕಲ್ಲ. ಊರಿನೋರು ಯಾರನ್ನ ಕೇಳಬೇಕು? ದೊಡ್ಡ ಯಜಮಾನರು ರೋಮಲ್ಲಿ ಇದಾರೆ. ಸಮುದ್ರದ ಆಚೆ."

"ಹಾಗಾದ್ರೆ ಬಾಸ್ ಯಾರಜ್ಜಿ? ರೋಮಾ, ರಾಣೀನಾ?" ಎಂದ, ಆಕಳಿಸುವುದನ್ನು ಮರೆತ ಹುಡುಗ.

ಅತ್ತೆ ಹುಡುಗನ ಕಡೆ ತಿರುಗಿದರು. "ರೋಮು ದೊಡ್ಡದೇ ಕಣೋ. ಇಲ್ಲ ಅನ್ನಕ್ಕಾಗಲ್ಲ. ಕೊನೆಗೊಂದು ದಿನ ಆ ರಾಜ್ಯಾನ ಅದೇ ನುಂಗ್ತಂತೆ. ನುಂಗಲಿ. ಆದ್ರೆ ದಿನಾ ಬೆಳಗಾದ್ರೆ ಬಾವಿಯಲ್ಲಿ ನೀರಿದೆಯಾ, ಮಕ್ಕಳು ಉಂಡ್ವಾ, ಬಾಗಿಲು ಹಾಕಿದ್ದಾರಾ ಅಂತ ನೋಡೋರು ಯಾರು? ರೋಮಿನೋರು ಬರ್ತಾರಾ? ಇವಳೇ ತಾನೇ? ಅದಕ್ಕೆ ಅವಳು ಒಂದಿನ ತಲೆ ಬಾಚಿಕೊಂಡು, ಒಳ್ಳೆ ಸೀರೆ ಉಟ್ಟುಕೊಂಡು, ಯಾರನ್ನೂ ಕೇಳದೆ ಬಾಗಿಲು ತೆಗೆದು ಬಂದ್ಲು."

ಇಷ್ಟು ಹೇಳಿ ಅತ್ತೆ ಎದ್ದರು. ಒಳಗಿನ ರೂಮಿಗೆ ಹೋಗಿ ರಾಣಿಯನ್ನು ಎತ್ತಿಕೊಂಡು ಬಂದರು. ಗೊಂಬೆಯ ಮೈಮೇಲೆ ಹೊಸ ಹಸಿರು ರೇಷ್ಮೆ, ಸಣ್ಣ ಜರಿಯಂಚು. ನಾನು ಕ್ಲಿನಿಕ್ಕಿನಲ್ಲಿದ್ದಾಗ ಯಾವ ಹೊತ್ತಿನಲ್ಲಿ ಹೊಲಿದರೋ, ನನ್ನ ಯಾವ ರವಿಕೆಗೆ ಕತ್ತರಿ ಹಾಕಿದರೋ ದೇವರೇ ಬಲ್ಲ. ಎದುರು ಫ್ಲಾಟಿನ ಟೀಚರಮ್ಮ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಅವರನ್ನು ನೋಡಿ ಒಮ್ಮೆ ನಕ್ಕು, ಸ್ಟೂಲಿನ ಮೇಲೆ ಕಾಲಿಟ್ಟು, ಮಗನ ಹೆಗಲು ಹಿಡಿದುಕೊಂಡು ಮೇಲೆ ಹತ್ತಿದರು. ರಾಣಿಯ ಜಾಗ ಎಡಗಡೆ, ರಾಜನ ಪಕ್ಕ. ಅತ್ತೆ ಅವಳನ್ನು ಎಡಕ್ಕೆ ಇಡಲಿಲ್ಲ. ಮೇಲಿನ ಮೆಟ್ಟಿಲಿನ ನಟ್ಟನಡುವೆ ಕೂರಿಸಿ, ಸೆರಗಿನ ಗಂಟು ಬಿಚ್ಚಿ, ಆ ಹಿತ್ತಾಳೆ ಬಿಲ್ಲೆಯನ್ನು ಅವಳ ಪಾದದ ಹತ್ತಿರ ಇಟ್ಟರು.

"ಕೂತ್ಲು," ಎಂದರು ಮಕ್ಕಳಿಗೆ, ಇಳಿದು ಮತ್ತೆ ತಮ್ಮ ಕುರ್ಚಿಗೆ ಹೋಗಿ. "ಕಥೆ ಮುಗೀತು. ಚರುಪು ತಗೊಳ್ಳಿ."

ನಾನು ಕಡಲೆಕಾಳಿನ ಬಟ್ಟಲುಗಳನ್ನು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ. ಹಾಲಿಗೆ ಬರುವಷ್ಟರಲ್ಲಿ ಮಗಳು ಗೊಂಬೆಗಳ ಫೋಟೊವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿಯಾಗಿತ್ತು. ಎರಡು ನಿಮಿಷಕ್ಕೆ ಫೋನು ಬಂತು. ಮೈಸೂರು. ಗಂಡ ಹೆಸರು ನೋಡಿ ನನ್ನ ಮುಖ ನೋಡಿದ, ಆಮೇಲೆ ಅಮ್ಮನ ಕೈಗೆ ಕೊಟ್ಟ. ಸ್ಪೀಕರ್ ಹಾಕದೆಯೂ ಕೋಣೆಗೆಲ್ಲ ಕೇಳಿಸುವ ಗಂಟಲು ಭಾವನವರದು.

"ಯಾರಮ್ಮಾ ಕೂರಿಸಿದ್ದು?"

"ನಾನೇ ಭಾವ."

ಮಕ್ಕಳು ಏನೋ ನಡೆಯುತ್ತಿದೆ ಎಂದು ಅಗಿಯುವುದನ್ನು ನಿಲ್ಲಿಸಿದವು.

"ರಾಜ ಇಲ್ಲದೆ?"

"ರಾಜ ನಿಮ್ಮ ಹತ್ರಾನೇ ಇದಾನಲ್ಲ. ಗೆದ್ದಲು ಹಿಡಿಯದ ಹಾಗೆ ನೋಡ್ಕೊಳ್ಳಿ ಭಾವ, ನಮ್ಮಪ್ಪ ಕೊಟ್ಟಿದ್ದು. ಮುಂದಿನ ಸಲ ಬಂದಾಗ ಕರ್ಕೊಂಡು ಬರ್ತೀನಿ." ದನಿಯಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆಗೆ ಒಂದು ಚೂರೂ ಕೊರತೆಯಿರಲಿಲ್ಲ. "ನಿಮ್ಮ ಮಂಡಿ ನೋವು ಹೇಗಿದೆ? ಎಣ್ಣೆ ತಿಕ್ಕಿಸ್ಕೊಳ್ತಾ ಇದೀರಾ? ಸರಿ ಭಾವ, ಇಲ್ಲಿ ಮಕ್ಕಳು ಕಾಯ್ತಾ ಇವೆ. ಇಡ್ತೀನಿ."

ಫೋನು ಮಗನಿಗೆ ಕೊಟ್ಟು, ಬಟ್ಟಲಿಗೆ ಕೈ ಚಾಚಿ, "ನಂಗೂ ಸ್ವಲ್ಪ ಕೊಡೇ," ಎಂದರು. ನಾನು ಬಟ್ಟಲು ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದೆ. ಫೋನು ಬಂದಾಗಿನಿಂದ ಮುಗಿಯುವ ತನಕ ಅತ್ತೆ ಆ ಕುರ್ಚಿ ಬಿಟ್ಟು ಎದ್ದಿರಲಿಲ್ಲ.